ಇಳಕಲ್ಲಿಗೆ ಹೋಗಿದ್ದು ಸೀರೆಗಲ್ಲ

ಇಳಕಲ್ಲಿಗೆ ಹೋಗ್ತೀನಿ ಅಂದ್ರೆ ಸಾಕು, ಬೆಂಗಳೂರಿನ ಆಫೀಸಿನಲ್ಲಿ ಎಲ್ಲರೂ ಸೀರೆ ತರೋಕೆ ಹೇಳ್ತಾರೆ. ಬಣ್ಣ ಹೇಳ್ತಾರೆ, ಬಜೆಟ್ ಹೇಳ್ತಾರೆ, ಕೆಲವರು ಫೋಟೊನೂ ಕಳಿಸ್ತಾರೆ. ಈ ಸಲ ನಾನು ಹೋಗಿದ್ದು ಕಾರ್ಬುರೇಟರ್ ಸಲುವಾಗಿ. ಅಪ್ಪನ ಯೆಜ್ಡಿಯದು.

ಗಾಡಿ ಬಗ್ಗೆ ಮೊದಲು ಹೇಳಿಬಿಡ್ತೀನಿ. ಯೆಜ್ಡಿ 250, 1977ರದು, ಹಳೇ ಜಾವಾದ ಮೈಕಟ್ಟು. ಸಾಲಿ ಮಾಸ್ತರರಾಗಿದ್ದ ಅಪ್ಪ 1985ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಬಾಗಲಕೋಟೆ ಜಿಲ್ಲೆ ಆದದ್ದೇ 1997ರಲ್ಲಿ, ಹಂಗಾಗಿ ಗಾಡಿ ವಿಜಾಪುರ ಪಾಸಿಂಗ್. ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋದಾಗ, ಪಾತ್ರೆ-ಪಗಡೆ, ಅಜ್ಜನ ಫೋಟೊ, ಅಮ್ಮನ ಹೊಲಿಗೆ ಮಷೀನು ಎಲ್ಲಾ ನವನಗರಕ್ಕೆ ಬಂದದ್ದು ಇದರ ಮೇಲೇ. ಒಂದೊಂದು ಟ್ರಿಪ್ಪಿಗೆ ಒಂದೊಂದು ಗಂಟು.

ಜಾವಾ ಹುಟ್ಟಿದ್ದು ಜೆಕ್ ದೇಶದಲ್ಲಿ. ಯಾನೆಚೆಕ್ ಅನ್ನೋ ಮಾಲೀಕರ ಹೆಸರಿನ ಮೊದಲಕ್ಷರಕ್ಕೆ ವಾಂಡರರ್ ಅನ್ನೋ ಗಾಡಿಯ ಮೊದಲಕ್ಷರ ಸೇರಿಸಿ ಮಾಡಿದ ಹೆಸರು ಅದು. ನಮ್ಮಲ್ಲಿ ಅದನ್ನ ತಯಾರಿಸಿದ್ದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. 1961ರಲ್ಲಿ ಶುರುವಾಯ್ತು, ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಅಂತಾಯ್ತು, 1996ರಲ್ಲಿ ಬಾಗಿಲು ಹಾಕಿತು. ಈಗ ರೋಡಿನ ಮೇಲೆ ಓಡಾಡೋ ಹೊಸ ಜಾವಾ 2018ರಲ್ಲಿ, ಹೊಸ ಯೆಜ್ಡಿ 2022ರಲ್ಲಿ ಬಂದವು. ಹೆಸರೊಂದೇ, ಒಳಗಿನ ಜೀವ ಬೇರೆ. ಅವು ಫೋರ್ ಸ್ಟ್ರೋಕ್, ಪೆಟ್ರೋಲ್ ಎಷ್ಟು ಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಅಪ್ಪನದು ಟೂ ಸ್ಟ್ರೋಕ್. ಲೆಕ್ಕ ಹಾಕೋಕೆ ಅಲ್ಲಿರೋದು ಮುಷ್ಟಿಯಷ್ಟು ದೊಡ್ಡ ಒಂದು ಲೋಹದ ಡಬ್ಬಿ, ಒಂದು ಸೂಜಿ, ಎರಡು ಹಿತ್ತಾಳೆ ಜೆಟ್ಟು.

ಇನ್ಜೆಕ್ಷನ್ ಸ್ಕೂಟಿ ಮಾತ್ರ ಓಡಿಸಿದವರಿಗೆ ಒಂದು ಮಾತು. ಕಾರ್ಬುರೇಟರಿನ ಕೆಲಸ ಹಿಟ್ಟು ಕಲಸಿದಂಗೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು ಹದಿನಾಲ್ಕೂವರೆ ಪಾಲು ಗಾಳಿ ಬೇಕು. ಪೆಟ್ರೋಲ್ ಜಾಸ್ತಿಯಾದ್ರೆ ಹೊಗೆ, ಪ್ಲಗ್ ಕರಿ, ಮೈಲೇಜ್ ಹಾಳು. ಅಷ್ಟೇ, ಜೀವಕ್ಕೆ ಅಪಾಯ ಇಲ್ಲ. ಗಾಳಿ ಜಾಸ್ತಿಯಾದ್ರೆ ಬೇರೆ ಕಥೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಹೋಗೋದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಕಡಿಮೆಯಾದ್ರೆ ಆಯಿಲೂ ಕಡಿಮೆ, ಮೇಲಿಂದ ಕಾವು ಏರುತ್ತೆ. ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತೆ. ಓಡೋ ಗಾಡಿಯ ಹಿಂದಿನ ಚಕ್ರ ಒಮ್ಮೆಲೇ ನಿಲ್ಲುತ್ತೆ.

ಅಪ್ಪನ ಗಾಡಿಗೆ ಬಂದದ್ದು ಈ ಎರಡನೇ ರೋಗ. ತಣ್ಣಗಿದ್ದಾಗ ಸರಿ. ಹತ್ತು ಕಿಲೋಮೀಟರ್ ಆದ ಮೇಲೆ ಆಕ್ಸಲರೇಟರ್ ಬಿಟ್ಟರೂ ಎಂಜಿನ್ ಸುಮ್ಮನಾಗ್ತಿರಲಿಲ್ಲ, ತಾನೇ ಚೀರ್ತಿತ್ತು. ಪ್ಲಗ್ ಬಿಚ್ಚಿದರೆ ಸುಣ್ಣದಂತೆ ಬಿಳಿ. ನವನಗರದ ಒಂದು ಗ್ಯಾರೇಜಿಗೆ ಅಣ್ಣ ಒಯ್ದಿದ್ದ. ಅಲ್ಲಿನ ಹುಡುಗರು ಜೆಟ್ಟಿನೊಳಗೆ ತಂತಿ ಆಡಿಸಿ, ನಟ್ಟುಗಳನ್ನ ಜೀವ ಹೋಗೋ ಹಂಗೆ ಬಿಗಿದು, "ಇದನ್ನ ಬಿಸಾಕಿ ಬ್ಯಾರೆ ಗಾಡೀದು ಕುಂದ್ರಸ್ರಿ" ಅಂತ ಹೇಳಿ ಕಳಿಸಿದ್ದರು.

ಇಷ್ಟೇ ಆಗಿದ್ದರೆ ನಾನು ರಜೆ ಹಾಕಿ ಬರ್ತಿರಲಿಲ್ಲ. ಬೆಂಗಳೂರಿನ ಒಬ್ಬರು ಗಾಡಿಗೆ ಒಂದು ಲಕ್ಷ ಅರವತ್ತು ಸಾವಿರ ಕೊಡ್ತೀನಿ ಅಂತ ಅಣ್ಣನಿಗೆ ಫೋನ್ ಮಾಡಿದ್ದರು. ಅವರಿಗೆ ಕೆಫೆ ಇದೆ, ಅಲ್ಲಿ ಗೋಡೆ ಮುಂದೆ ನಿಲ್ಲಿಸ್ತಾರಂತೆ. ಐವತ್ತು ತುಂಬಿದ ಮೇಲೆ ವಿಂಟೇಜ್ ನಂಬರ್ ಮಾಡಿಸ್ತಾರಂತೆ. 2021ರ ಕೇಂದ್ರದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ಇಪ್ಪತ್ತು ಸಾವಿರ ಶುಲ್ಕ ಕಟ್ಟಿದರೆ ಪ್ರತ್ಯೇಕ ವಿಂಟೇಜ್ ನೋಂದಣಿ ಸಿಗುತ್ತೆ. ಆದರೆ ಆ ನಂಬರ್ ಇದ್ದರೆ ದಿನಾ ಓಡಿಸೋ ಹಂಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಬಂಕ್, ರಿಪೇರಿ, ಇಷ್ಟಕ್ಕೇ ರೋಡಿಗಿಳಿಸಬಹುದು.

ಅಣ್ಣ ಮಾರೋಣ ಅಂದ. ಅವನ ಮಾತಲ್ಲೂ ತಪ್ಪಿಲ್ಲ. ಅಪ್ಪನಿಗೆ ಎಪ್ಪತ್ತೊಂದು, ಎರಡು ವರ್ಷದಿಂದ ಕೈ ಸಣ್ಣಗೆ ನಡುಗ್ತವೆ. ಅಪ್ಪ ಹೇಳಿದ್ದು ಇಷ್ಟೇ: "ಸತ್ತ ಗಾಡಿ ಮಾರೂದಿಲ್ಲ. ಮೊದ್ಲ ಓಡ್ಲಿ. ಆಮ್ಯಾಲೆ ನೋಡೂಣು."

ಓಡಿಸಬಲ್ಲ ಮಿಸ್ತ್ರಿ ಇರೋದು ಇಳಕಲ್ಲಿನಲ್ಲಿ. ಹಳೇ ಬಾಗಲಕೋಟೆಯಲ್ಲಿ ಇದ್ದಷ್ಟು ಕಾಲ ಈ ಗಾಡಿಗೆ ಕೈ ಹಚ್ಚಿದವರು ಅವರೊಬ್ಬರೇ. ಅವರ ಗ್ಯಾರೇಜೂ ಮುಳುಗಡೆಗೆ ಹೋಯ್ತು. ನವನಗರದ ಅಗಲ ರೋಡು, ಸೆಕ್ಟರ್ ನಂಬರು ಅವರಿಗೆ ಒಗ್ಗಲಿಲ್ಲ, ಹೆಂಡತಿಯ ತವರಿಗೆ ಹೋಗಿ ಅಂಗಡಿ ಹಾಕಿದರು. ಒಂದು ಊರು ಮುಳುಗಿದಾಗ ಮನೆಗಳ ಲೆಕ್ಕ ಸಿಗುತ್ತೆ. ಯಾವ ಓಣಿಯಲ್ಲಿ ಯಾವ ಕೆಲಸಕ್ಕೆ ಯಾರಿದ್ದರು ಅನ್ನೋದರ ಲೆಕ್ಕ ಯಾರೂ ಬರೆದಿಡಲ್ಲ.

ಟೆಂಪೋದಲ್ಲಿ ಹಾಕ್ಕೊಂಡು ಹೋಗೋಣ ಅಂದೆ. ಅಪ್ಪ ಒಪ್ಪಲಿಲ್ಲ. "ಡಾಕ್ಟರ್ ಹಂತೇಕ ಹೆಣ ಒಯ್ದಂಗ ಒಯ್ಯೂದು ಬ್ಯಾಡ." ಮೊದಲು ಬಾದಾಮಿಗೆ ಹೋಗಬೇಕಿತ್ತು. ಅಲ್ಲಿ ಅಪ್ಪನ ಹಳೇ ಗೆಳೆಯರು, ಅವರೂ ರಿಟೈರ್ಡ್ ಮಾಸ್ತರರು. ಅವರ ಅಟ್ಟದ ಮೇಲೆ ಗುಜರಿ ಜಾವಾದ ಒಂದು ಜಿಕೋವ್ ಕಾರ್ಬುರೇಟರ್ ಬಿದ್ದಿತ್ತು. ಜಿಕೋವ್ ಅಂದ್ರೆ ಜಾವಾದ ಜೊತೆಗೇ ಜೆಕ್ ದೇಶದಿಂದ ಬಂದ ಮಾದರಿ. ಬಿಡಿಭಾಗಕ್ಕೆ ಅದು ಬೇಕು ಅಂತ ಮಿಸ್ತ್ರಿ ಫೋನಲ್ಲೇ ಹೇಳಿದ್ದರು.

ನಾನು ಓಡಿಸೋದು, ಅಪ್ಪ ಹಿಂದೆ ಕೂರೋದು ಅಂತಾಯ್ತು. ಯೆಜ್ಡಿಯ ಗೇರ್ ಲಿವರೇ ಕಿಕ್ಕರ್. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ವಾಪಸ್ ಇಳಿಸಿದರೆ ಗೇರ್. ನವನಗರದ ಸೆಕ್ಟರುಗಳು ಇನ್ನೂ ಖಾಲಿ ಇದ್ದ ಕಾಲದಲ್ಲಿ ಕಲಿತದ್ದು, ಕಾಲು ಮರೆತಿರಲಿಲ್ಲ. ಲೀಟರಿಗೆ ನಲವತ್ತು ಎಂ.ಎಲ್. ಹಾಕೋ ಆಯಿಲನ್ನ ಅಪ್ಪ ಅವತ್ತು ಐವತ್ತು ಹಾಕಿದರು. "ನಲವತ್ತರ ಮ್ಯಾಲೆ ಹೋಗಬ್ಯಾಡ" ಅಂತ ಸ್ಪೀಡಿಗೂ ಮಿತಿ.

ಗುಳೇದಗುಡ್ಡದ ದಾರಿಯ ಏರಿನಲ್ಲಿ ಎಂಜಿನ್ ದನಿ ಬದಲಾಯ್ತು. ಬುಡುಬುಡು ಅನ್ನೋದು ಕಿಣಿಕಿಣಿ ಅನ್ನೋಕೆ ಶುರು. ನನಗೆ ಅದು ತಿಳಿಯೋ ಮೊದಲೇ ಅಪ್ಪ ಹೆಗಲಿಗೆ ಹೊಡೆದು "ಕ್ಲಚ್ ಹಿಡಿ! ಹಿಡಿ!" ಅಂದರು. ಹಿಡಿದೆ. ಎಂಜಿನ್ ನಿಂತಿತು, ಚಕ್ರ ಉರುಳಿಕೊಂಡು ಬೇವಿನ ಗಿಡದವರೆಗೆ ಬಂತು. ಆ ಒಂದು ಸೆಕೆಂಡಿನಲ್ಲಿ ಇಬ್ಬರ ಜೀವವೂ ಇತ್ತು, ಗಾಡಿಯ ಜೀವವೂ ಇತ್ತು. ಯಾಕಂದ್ರೆ ಅದರಲ್ಲಿರೋದು ಕೊನೇ ಸೈಜಿನ ಪಿಸ್ಟನ್. ಇನ್ನೊಮ್ಮೆ ಕಚ್ಚಿದರೆ ಬೋರ್ ಮಾಡಿಸೋಕೆ ಸಿಲಿಂಡರಿನಲ್ಲಿ ಲೋಹ ಉಳಿದಿಲ್ಲ.

ಮುಕ್ಕಾಲು ಗಂಟೆ ನೆರಳಲ್ಲಿ ಕೂತೆವು. ಖಣದ ಗಂಟು ಹೇರಿಕೊಂಡ ಬೈಕಿನವರೊಬ್ಬರು ನಿಲ್ಲಿಸಿ, "ಪೆಟ್ರೋಲ್ ಬೇಕೇನ್ರಿ?" ಅಂತ ಕೇಳಿದರು. "ಗಾಳಿ ಹೆಚ್ಚಾಗೇತ್ರಿ" ಅಂದರು ಅಪ್ಪ. ಆತ ಚಕ್ರ ನೋಡಿ ತಲೆಯಾಡಿಸಿ ಹೋದ.

ಬಾದಾಮಿಯಲ್ಲಿ ಗುಹೆ ನೋಡಲಿಲ್ಲ. ಮೂರನೇ ಗುಹೆಯ 578ನೇ ಇಸವಿಯ ಶಾಸನದ ಬಗ್ಗೆ ಅಪ್ಪ ನಾನು ಮೂರನೇ ಕ್ಲಾಸಿನಲ್ಲಿದ್ದಾಗಿಂದ ಹೇಳ್ತಾನೇ ಇದ್ದಾರೆ. ಈ ಸಲ ನೋಡಿದ್ದು ಗೆಳೆಯರ ಹಿತ್ತಲು. ಅವರು ಬಿಚ್ಚೋದಕ್ಕೆ ಮೊದಲು ಒಂದು ಪರೀಕ್ಷೆ ಮಾಡಿದರು. ಎಂಜಿನ್ ಚಾಲೂ ಇಟ್ಟು, ಬಟ್ಟೆ ಸೋಪನ್ನ ನೀರಲ್ಲಿ ನೆನೆಸಿ, ಕಾರ್ಬುರೇಟರ್ ಸಿಲಿಂಡರಿಗೆ ಕೂಡೋ ಸಂದಿಗೆ ಬೆರಳಿಂದ ಮೆತ್ತಿದರು. ಚೀರ್ತಿದ್ದ ಎಂಜಿನ್ ಅಲ್ಲೇ ತಣ್ಣಗಾಯ್ತು, ನಿಧಾನಕ್ಕೆ ಬುಡುಬುಡು ಅಂತ ನಿಂತಿತು. ಇಬ್ಬರು ಮುದುಕರೂ ಹುಡುಗರ ಹಂಗೆ ನಕ್ಕರು. ರೋಗ ಜೆಟ್ಟಿನಲ್ಲಿರಲಿಲ್ಲ. ನಟ್ಟು ಬಿಗಿದು ಬಿಗಿದು ಕಾರ್ಬುರೇಟರಿನ ಮುಖ ಬಿಲ್ಲಿನಂತೆ ಬಾಗಿತ್ತು, ಆ ಸಂದಿಯಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಹೋಗ್ತಿತ್ತು.

"ಇಳಕಲ್ ಮುಟ್ಟೂತನ ಈ ಸೋಪು ಸಾಕು. ಮಳಿ ಬಂದ್ರ ಮಾತ್ರ ಬುರುಗು ಬರ್ತೈತಿ" ಅಂದರು ಅವರು.

ಊಟ ಬನಶಂಕರಿಯಲ್ಲಿ. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂರೋ ಅಮ್ಮಂದಿರ ಹತ್ತಿರ ಜೋಳದ ರೊಟ್ಟಿ, ಕೆಂಪು ಚಟ್ನಿ, ಕಾಳಿನ ಪಲ್ಯ, ಗಡಿಗೆ ಮೊಸರು. ಬನದ ಹುಣ್ಣಿಮೆಯ ಜಾತ್ರೆಗೆ ಅಪ್ಪ-ಅಮ್ಮ ಪ್ರತಿವರ್ಷ ಈ ಗಾಡಿಯ ಮೇಲೇ ಬರ್ತಿದ್ದರು, ಕಂಪನಿ ನಾಟಕ ನೋಡಿ ನಸುಕಿಗೆ ಮನೆಗೆ ಬರ್ತಿದ್ದರು. ಅಮ್ಮ ಹೋಗಿ ಮೂರು ವರ್ಷ. ಅಪ್ಪ ಅದರ ಸುದ್ದಿ ತೆಗೀಲಿಲ್ಲ, ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಮರುದಿನ ಪಟ್ಟದಕಲ್ಲು, ಐಹೊಳೆ ದಾಟಿ ಅಮೀನಗಡ, ಅಲ್ಲಿಂದ ಹುನಗುಂದ. ಸೋಪು ತಡೀತು. ಗುಡಿಗಳ ಮುಂದೆ ಪ್ರವಾಸಿಗರು ಗುಡಿ ಬಿಟ್ಟು ನಮ್ಮ ಗಾಡಿಯ ಫೋಟೊ ತೆಗೆದರು, ಅದಕ್ಕೆ ಅಪ್ಪನಿಗೆ ಸ್ವಲ್ಪ ಸಿಟ್ಟೂ ಬಂತು. ಐಹೊಳೆ ಆದ ಮೇಲೆ ಮರಳುಗಲ್ಲಿನ ಗುಡ್ಡ ಹಿಂದೆ ಬಿದ್ದು, ಎರೆಹೊಲ ಶುರು. ಹುನಗುಂದ ದಾಟಿ ರಾಷ್ಟ್ರೀಯ ಹೆದ್ದಾರಿ 50 ಹಿಡಿದರೆ ರೋಡಿನ ಪಕ್ಕ ಕೆಂಪು ಗ್ರಾನೈಟಿನ ದೊಡ್ಡ ದೊಡ್ಡ ಬಂಡೆಗಳು, ಕೊಯ್ದ ಚಪ್ಪಡಿಗಳು. ಪಾಲಿಶ್ ಮಾಡೋ ಮಷೀನಿನ ದನಿ. ಈ ಕಲ್ಲೇ ನಮ್ಮ ಕೆಲಸಕ್ಕೆ ಬರುತ್ತೆ ಅಂತ ಆಗ ಗೊತ್ತಿರಲಿಲ್ಲ.

ಮಿಸ್ತ್ರಿ ಕಾಕಾನ ಅಂಗಡಿ ನೇಕಾರರ ಓಣಿಯ ತುದಿಯಲ್ಲಿದೆ. ಅಪ್ಪನನ್ನ ನೋಡಿ "ಬರ್ರಿ ಮಾಸ್ತರ್ರ" ಅಂದರು, ಆದರೆ ಕೈ ಮೊದಲು ಮುಟ್ಟಿದ್ದು ಗಾಡಿಯನ್ನ. ಚಾ ಬರೋ ಹೊತ್ತಿಗೆ ಕಾರ್ಬುರೇಟರ್ ಬಿಚ್ಚಿ ಸೀಮೆಎಣ್ಣೆ ತಟ್ಟೆಗೆ ಇಳಿದಿತ್ತು.

ಅವರು ಮಾಡಿದ್ದನ್ನ ಕ್ರಮವಾಗಿ ನೋಡಿದೆ, ಕೆಲವೊಂದನ್ನ ಫೋನಲ್ಲಿ ಬರೆದುಕೊಂಡೆ. ಮೊದಲು ಫ್ಲೋಟು. ಹಿತ್ತಾಳೆಯ ಟೊಳ್ಳು ಗುಂಡು ಅದು, ಪೆಟ್ರೋಲಿನ ಮೇಲೆ ತೇಲಬೇಕು. ಕಿವಿ ಹತ್ತಿರ ಅಲ್ಲಾಡಿಸಿದರು. ಆಮೇಲೆ ಕಾಕಿ ಒಳಗಿಂದ ತಂದ ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿದರು. ಎಲ್ಲಾದರೂ ತೂತಿದ್ದರೆ ಗುಳ್ಳೆ ಬರುತ್ತೆ. ಬರಲಿಲ್ಲ. "ಅನ್ನದ ಪಾತ್ರಿ ಅದು, ತೊಳದು ಕೊಡ್ರಿ" ಅಂತ ಕಾಕಿ ಒಳಗಿಂದ ಕೂಗಿದರು.

ನಂತರ ಜೆಟ್ಟು. ಬೆಳಕಿಗೆ ಹಿಡಿದು ನೋಡಿ ಬೈದರು. ನಮ್ಮನ್ನಲ್ಲ, ತಂತಿ ಆಡಿಸಿದವರನ್ನ. ಜೆಟ್ಟು ಮೆತ್ತನೆ ಹಿತ್ತಾಳೆ, ಉಕ್ಕಿನ ತಂತಿ ಆಡಿಸಿದರೆ ತೂತು ಗೀರುತ್ತೆ, ಆಮೇಲೆ ಅದರ ಮೇಲಿನ ನಂಬರಿಗೆ ಅರ್ಥವೇ ಇರಲ್ಲ. ಸೀಮೆಎಣ್ಣೆಯಲ್ಲಿ ನೆನೆಸಬೇಕು, ಸೈಕಲ್ ಪಂಪಿನಿಂದ ಗಾಳಿ ಹೊಡೀಬೇಕು, ಅಷ್ಟೇ. ಬಾದಾಮಿಯ ಗುಜರಿ ಕಾರ್ಬುರೇಟರಿನ ಮೈ ಬಿರುಕು ಬಿಟ್ಟಿತ್ತು, ಆದರೆ ಒಳಗಿನ ಜೆಟ್ಟು ಹೊಸದರಂಗಿತ್ತು. ನಂಬರ್ ನೋಡಿ ಅವರಿಗೆ ಖುಷಿಯಾಯ್ತು. "ಒಂದ್ ಸೈಜು ದೊಡ್ಡದೈತಿ. ಈಗಿನ ಪೆಟ್ರೋಲಿಗೆ ಇದ ಬೇಕು. ಅದರಾಗ ನಮ್ಮ ಮುಧೋಳ-ಜಮಖಂಡಿ ಕಬ್ಬಿನ ಪಾಲು ಐತಲ್ಲ."

ತಮಾಷೆ ಅನಿಸಿದರೂ ಮಾತು ಸರಿಯಾದದ್ದು. ಬಂಕಿನಲ್ಲಿ ಈಗ ಸಿಗೋ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತೆ. ಎಥನಾಲಿಗೆ ಉರಿಯೋಕೆ ಗಾಳಿ ಕಡಿಮೆ ಸಾಕು, ಒಂದು ಪಾಲಿಗೆ ಒಂಬತ್ತು ಪಾಲು. ಹೊಸ ಗಾಡಿಯ ಸೆನ್ಸರ್ ಇದನ್ನ ತಿಳಿದು ಪೆಟ್ರೋಲ್ ಹೆಚ್ಚಿಸುತ್ತೆ. ಹಳೇ ಜೆಟ್ಟಿಗೆ ಅದೇನು ಗೊತ್ತು? ಅದೇ ತೂತು, ಅಷ್ಟೇ ಹನಿ. ಅಂದ್ರೆ ಗಾಳಿ ಸಂದಿ ಇರದಿದ್ದರೂ ಮಿಶ್ರಣ ಸ್ವಲ್ಪ ತೆಳ್ಳಗೇ ಆಗುತ್ತೆ. ಅದಕ್ಕೇ ಜೆಟ್ ಒಂದು ಸೈಜು ದೊಡ್ಡದು, ಸೂಜಿಯ ಕ್ಲಿಪ್ ಒಂದು ಗೀರು ಕೆಳಗೆ. ಕ್ಲಿಪ್ ಕೆಳಗಿಳಿದರೆ ಸೂಜಿ ಮೇಲೇಳುತ್ತೆ, ಪೆಟ್ರೋಲಿಗೆ ದಾರಿ ಅಗಲವಾಗುತ್ತೆ. ಎಥನಾಲ್ ನೀರನ್ನೂ ಎಳಕೊಳ್ಳುತ್ತೆ, ಹಾಗಾಗಿ ವಾರಗಟ್ಟಲೆ ನಿಲ್ಲಿಸೋದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗೇ ನಿಲ್ಲೋವರೆಗೆ ಓಡಿಸಿ, ಕಾರ್ಬುರೇಟರ್ ಖಾಲಿ ಮಾಡಬೇಕು.

ಆಮೇಲೆ ಮುಖ್ಯ ಕೆಲಸ. ಕಾಕಾ ಮೂಲೆಯಿಂದ ಎರಡು ಗೇಣು ಅಗಲದ ಕೆಂಪು ಕಲ್ಲಿನ ತುಂಡೊಂದನ್ನ ಎತ್ತಿ ತಂದರು. ಗ್ರಾನೈಟ್ ಫ್ಯಾಕ್ಟರಿಯಲ್ಲಿ ಉಳಿದ ತುಂಡು, ಒಂದು ಮುಖ ಕನ್ನಡಿಯಂತೆ ಪಾಲಿಶ್. "ಇದಕಿಂತ ಸಪಾಟಂದು ನಿಮ್ಮ ಬೆಂಗಳೂರಾಗೂ ಸಿಗೂದಿಲ್ಲ ಯವ್ವಾ." ಅದರ ಮೇಲೆ ನಯವಾದ ಎಮರಿ ಹಾಳೆ ಹಾಸಿ ಸೀಮೆಎಣ್ಣೆ ಚಿಮುಕಿಸಿದರು. ಕಾರ್ಬುರೇಟರಿನ ಬಾಗಿದ ಮುಖದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದರು. ಹಾಳೆಯ ಮೇಲಿಟ್ಟು ಇಂಗ್ಲಿಷಿನ ಎಂಟರ ಆಕಾರದಲ್ಲಿ ತಿಕ್ಕಿದರು, ಒತ್ತದೆ, ಬರೀ ಅದರ ತೂಕಕ್ಕೇ ಬಿಟ್ಟು. ಎತ್ತಿ ನೋಡಿದರೆ ಎರಡೂ ತುದಿಯ ಗೆರೆ ಅಳಿಸಿವೆ, ನಡುವಿನದು ಹಾಗೇ ಇದೆ. ಅಷ್ಟು ಬಾಗಿತ್ತು. ಮತ್ತೆ ಗೆರೆ, ಮತ್ತೆ ತಿಕ್ಕೋದು.

ಒಂದೂವರೆ ಗಂಟೆ ಹಿಡೀತು. ನಡುವೆ ನಾನು ಪಕ್ಕದ ಮನೆಯ ಮಗ್ಗ ನೋಡಿ ಬಂದೆ. ಅಲ್ಲಿನ ಅಕ್ಕ ಒಡಲಿನ ಎಳೆಗೆ ಸೆರಗಿನ ಎಳೆಯನ್ನ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸ್ತಿದ್ದಳು. ಇದಕ್ಕೇ ಕೊಂಡಿ ಅನ್ನೋದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ತೋಪು ತೆಣಿ ಸೆರಗಿನ ಹಾಸು ಬೇರೆ, ಒಂದೊಂದು ಸೀರೆಗೂ ಹೀಗೆ ಕೊಂಡಿ ಹಾಕಲೇಬೇಕು. ನಾವು ಅಂಗಡಿಯಲ್ಲಿ ಸೆರಗನ್ನ ಎಳೆದು ಎಳೆದು ನೋಡಿ, ರೇಟ್ ಕಡಿಮೆ ಮಾಡಿ ಅಂತೀವಲ್ಲ, ಆ ಜಾಗ. ನಾನು ವಾಪಸ್ ಬಂದಾಗ ಕಾಕಾ ಪೆನ್ಸಿಲ್ ಗೆರೆಯೆಲ್ಲ ಒಮ್ಮೆಲೇ ಅಳಿದ ಮುಖವನ್ನ ಅಪ್ಪನಿಗೆ ತೋರಿಸ್ತಿದ್ದರು. ಗ್ಯಾಸ್ಕೆಟ್ ಹಾಳೆಯನ್ನ ಅದರ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಅಂಚಿಗೆ ಟಕಟಕ ಬಡಿದು ಅಲ್ಲೇ ಕತ್ತರಿಸಿದರು.

ಜೋಡಿಸಿದ ಮೇಲೆ ಟ್ಯೂನಿಂಗ್. ಏರ್ ಸ್ಕ್ರೂವನ್ನ ಮೆಲ್ಲಗೆ ಪೂರ್ತಿ ಒಳಗೆ, ಆಮೇಲೆ ಒಂದೂವರೆ ಸುತ್ತು ಹೊರಗೆ. ಎಂಜಿನ್ ಚೆನ್ನಾಗಿ ಬಿಸಿಯಾಗೋವರೆಗೆ ಯಾವುದನ್ನೂ ಮುಟ್ಟಲಿಲ್ಲ. ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ಆಡಿಸಿ, ದನಿ ಎಲ್ಲಿ ಅತಿ ಹಗುರಾಗುತ್ತೋ ಅಲ್ಲಿ ಬಿಟ್ಟು, ಸ್ಲೈಡಿನ ಸ್ಕ್ರೂ ತಗ್ಗಿಸಿ ಐಡಲಿಂಗ್ ಇಳಿಸಿದರು. ಮೀಟರಿಲ್ಲ, ಏನಿಲ್ಲ. ಅಂಗಡಿಯ ಮುಂದೆ ಕ್ರಿಕೆಟ್ ಆಡ್ತಿದ್ದ ಹುಡುಗರನ್ನ ಮಾತ್ರ ಸುಮ್ಮನಿರಿಸಿದರು.

ಕೊನೇ ಪರೀಕ್ಷೆ ರೋಡಿನ ಮೇಲೆ. ಹೊಸ ಪ್ಲಗ್ ಹಾಕಿ, ಸಪಾಟು ದಾರಿಯಲ್ಲಿ ಪೂರ್ತಿ ಆಕ್ಸಲರೇಟರ್ ಕೊಟ್ಟು, ಆ ಓಟದಲ್ಲೇ ಕ್ಲಚ್ ಹಿಡಿದು ಕೀ ಆಫ್ ಮಾಡಬೇಕು. ಆಗ ಪ್ಲಗ್ಗಿನ ಬಣ್ಣ ಸುಳ್ಳು ಹೇಳಲ್ಲ. ನಾನು ಹೆಲ್ಮೆಟ್ ಹಾಕಿಕೊಂಡೆ. ಕಾಕಾ ನನ್ನ ಕಡೆ ನೋಡಲೇ ಇಲ್ಲ. "ಮಾಸ್ತರ್ರ, ನೀವ ಹೋಗ್ರಿ" ಅಂದರು.

"ಕಾಕಾ, ಅಪ್ಪನ ಕೈ..." ಅಂದೆ.

"ಹ್ಯಾಂಡಲ್ ಹಿಡದ ಮ್ಯಾಲೆ ನೋಡು."

ಊರ ಹೊರಗೆ ವಾಹನ ಓಡಾಡದ ಒಂದು ಕಚ್ಚಾ ಅಲ್ಲದ, ಡಾಂಬರಿನ ದಾರಿ. ಸಂಜೆ ಐದೂವರೆ. ಅಪ್ಪ ನನ್ನ ಹೆಲ್ಮೆಟ್ ಇಸಕೊಂಡು ಒಂದೇ ಕಿಕ್ಕಿಗೆ ಚಾಲೂ ಮಾಡಿದರು. ಹ್ಯಾಂಡಲ್ ಮೇಲಿನ ಕೈ ನೋಡಿದೆ. ಎಂಜಿನ್ನಿನ ನಡುಕದಲ್ಲಿ ಯಾರದು ಯಾವುದು ಅಂತ ತಿಳೀಲಿಲ್ಲ. ಎರಡು, ಮೂರು, ನಾಲ್ಕನೇ ಗೇರು. ಗಿಡಗಳ ಆಚೆ ದನಿ ಏರ್ತಾ ಹೋಯ್ತು, ತುಂಬು ದನಿ, ಎಲ್ಲೂ ಕಿಣಿಕಿಣಿ ಇಲ್ಲ. ಆಮೇಲೆ ಒಮ್ಮೆಲೇ ನಿಂತಿತು.

ನಿಲ್ಲಬೇಕಾದದ್ದೇ. ಕೀ ಆಫ್ ಮಾಡಿರ್ತಾರೆ. ಪ್ಲಗ್ ಬಿಚ್ಚಿ, ನೋಡಿ, ಮತ್ತೆ ಹಾಕೋಕೆ ಎರಡು ನಿಮಿಷ ಸಾಕು. ನಾನು ಫೋನಿನಲ್ಲಿ ಗಡಿಯಾರ ನೋಡ್ತಿದ್ದೆ. ನಾಲ್ಕು ನಿಮಿಷ. ಆರು. ಕಾಕಾ ಬೀಡಿ ಹಚ್ಚಿದರು. ಎಂಟನೇ ನಿಮಿಷಕ್ಕೆ ನಾನು ಓಡೋಕೆ ಶುರು ಮಾಡಿದ್ದೆ, ಅಷ್ಟರಲ್ಲಿ ದೂರದಿಂದ ಬುಡುಬುಡು ಕೇಳಿಸಿತು.

"ಇಷ್ಟೊತ್ತು ಏನ್ ಮಾಡಿದಿ ಅಪ್ಪಾ?"

"ಕುಂತಿದ್ದೆ ಸ್ವಲ್ಪ. ಗಾಳಿ ಚಲೋ ಇತ್ತು." ಜೇಬಿನಿಂದ ಪ್ಲಗ್ ತೆಗೆದು ಕಾಕಾನ ಅಂಗೈಗೆ ಹಾಕಿದರು, ವಾಪಸ್ ಬರೋಕೆ ಹಳೇ ಪ್ಲಗ್ ಹಾಕಿಕೊಂಡಿದ್ದರು. ಪಿಂಗಾಣಿಯ ತುದಿ ಚಾದ ಬಣ್ಣ. ಹಾಲು ಕಡಿಮೆ ಹಾಕಿದ ಚಾ.

ಕಾಕಾ ಒಟ್ಟು ಒಂಬೈನೂರು ರೂಪಾಯಿ ತಗೊಂಡರು, ಅದರಲ್ಲಿ ಪ್ಲಗ್ಗಿನ ದುಡ್ಡೂ ಸೇರಿತ್ತು. ಕೆಲಸ ಕಲಿಯೋ ಹುಡುಗರು ಯಾರೂ ಇಲ್ವಾ ಅಂತ ಕೇಳಿದೆ. ಇಬ್ಬರಿದ್ದರಂತೆ, ಒಬ್ಬ ಗ್ರಾನೈಟ್ ಪಾಲಿಶಿಂಗಿಗೆ ಹೋದ, ಇನ್ನೊಬ್ಬ ಶೋರೂಮಿಗೆ. "ಅಲ್ಲಿ ಲ್ಯಾಪ್‌ಟಾಪ್ ಹಚ್ಚಿ ಗಾಡೀನ ಕೇಳ್ತಾರಂತ, ನಿನಗೇನಾಗೇತಿ ಅಂತ. ಅದೂ ಒಂದ್ ವಿದ್ಯೆನ" ಅಂದರು. ಬೇಸರದಲ್ಲಿ ಹೇಳಲಿಲ್ಲ.

ಮರುದಿನ ವಾಪಸ್ ಬರುವಾಗ ಅಮೀನಗಡದಲ್ಲಿ ಕರದಂಟು ಕಟ್ಟಿಸ್ತಿದ್ದೆವು. ಅಣ್ಣನ ಫೋನ್ ಬಂತು. ಕೆಫೆಯವರು ಇನ್ನೂ ಹತ್ತು ಸಾವಿರ ಏರಿಸಿದ್ದಾರೆ, ಇವತ್ತೇ ಹೇಳಬೇಕಂತೆ. ಅಪ್ಪ ಫೋನ್ ಇಸಕೊಂಡರು.

"ಅವರಿಗೆ ಹೇಳು, ಬನದ ಹುಣ್ಣಿಮಿ ಮುಗಿಯೂತನ ಗಾಡಿ ಬಿಡುವಿಲ್ಲ. ಆಮ್ಯಾಲೆ ಅವ್ರ ಬಂದು ಹೊಡದು ನೋಡ್ಲಿ. ಕಿಕ್ ಹೊಡ್ಯಾಕ ಬರ್ತೈತೇನು, ಮೊದ್ಲ ಅದನ್ನ ಕೇಳು."

ಫೋನ್ ನನ್ನ ಕೈಗೆ ಕೊಟ್ಟು, ಅಂಗಡಿಯವರಿಗೆ "ಅರ್ಧ ಕಿಲೋ ಬ್ಯಾರೆ ಕಟ್ರಿ, ಬಾದಾಮಿಗೆ ಕೊಡೋದೈತಿ" ಅಂದರು. ಸೋಪಿನ ಲೆಕ್ಕ ಅದು.